ಮರವೇರುವ ಗುಲಾಬಿ

ಗುಲಾಬಿ ಎಂದೊಡನೆ ಕುಂಡದಲ್ಲಿ ಸೊಂಟದೆತ್ತರಕ್ಕೆ ಬೆಳೆದ ಗಿಡ ನೆನಪಾಗುತ್ತದೆ. ಮಣಿಪುರದ ಉಖ್ರುಲ್ ಜಿಲ್ಲೆಯ ಕಾಡುಗುಲಾಬಿಯನ್ನು ನೋಡಬೇಕಾದರೆ ಕತ್ತೆತ್ತಬೇಕು. ಅಕ್ಕಪಕ್ಕದ ಮರಗಳನ್ನು ಆಧರಿಸಿ ಹತ್ತಾರು ಮೀಟರ್ ಮೇಲೇರಿ, ನೆತ್ತಿಯ ಬಿಸಿಲಿನಲ್ಲಿ ಅದು ಅಂಗೈಯಗಲದ ಬಿಳಿ ಹೂ ಬಿಡುತ್ತದೆ. ಹೂವಿನ ಅಡ್ಡಳತೆ 10 ಸೆಂಟಿಮೀಟರ್ ದಾಟುವುದುಂಟು. ಕಾಡುಗುಲಾಬಿಗಳಲ್ಲಿ ಇಷ್ಟು ದೊಡ್ಡ ಹೂ ಅಪರೂಪ. ಸಸ್ಯವಿಜ್ಞಾನಿಗಳು ಇಟ್ಟ ಹೆಸರು ರೋಸಾ ಜೈಗ್ಯಾಂಟಿಯಾ.

ಹಬ್ಬಲು ಇದಕ್ಕೆ ಹಾಗಲಬಳ್ಳಿಯಂಥ ಕುಡಿಯಿಲ್ಲ, ಮುಳ್ಳೇ ಆಸರೆ. ಒಂದೊಂದು ಮುಳ್ಳೂ ಕೆಳಮುಖವಾಗಿ ಕೊಕ್ಕೆಯಂತೆ ಬಾಗಿರುತ್ತದೆ. ಉದ್ದನೆಯ ರೆಂಬೆ ಪಕ್ಕದ ಕೊಂಬೆಗೆ ಒರಗಿದರೆ ಸಾಕು, ಜಾರದಂತೆ ಸಿಕ್ಕಿಕೊಳ್ಳುತ್ತದೆ. ನಿಂಬೆಯ ಮುಳ್ಳಿಗೆ ಕಾಂಡದೊಳಗಿನ ನಾಳಗಳ ಸಂಪರ್ಕವಿರುತ್ತದೆ. ಗುಲಾಬಿಯದು ಸಿಪ್ಪೆಯ ಮೇಲಷ್ಟೇ ಮೂಡಿದ್ದು. ಹೆಬ್ಬೆರಳಿನಿಂದ ಪಕ್ಕಕ್ಕೆ ಒತ್ತಿದರೆ ಬುಡಸಮೇತ ಕಿತ್ತು ಬರುತ್ತದೆ.

ಹೂವಿಗೆ ಐದೇ ದಳ, ನಡುವೆ ಹಳದಿ ಕೇಸರಗಳ ದಟ್ಟ ಗೊಂಚಲು. ದಳ ಉದುರಿದ ಮೇಲೆ ಹೂವಿನ ಬುಡದ ಬಟ್ಟಲು ಉಬ್ಬಿ ಕಾಯಾಗುತ್ತದೆ. ಅದನ್ನು ಬಿಡಿಸಿದರೆ ನವಿರು ಕೂದಲಿನ ನಡುವೆ ಗಟ್ಟಿ ಕಾಳುಗಳು. ಸಸ್ಯಶಾಸ್ತ್ರದ ಲೆಕ್ಕದಲ್ಲಿ ನಿಜವಾದ ಹಣ್ಣುಗಳು ಈ ಕಾಳುಗಳೇ! ಹೊರಗಿನ ತಿರುಳನ್ನು ಬೆಟ್ಟದ ಜನ ತಿನ್ನುತ್ತಾರೆ.

ಗುಲಾಬಿ ಕುಲದ ನೂರೈವತ್ತಕ್ಕೂ ಹೆಚ್ಚು ಪ್ರಭೇದಗಳು ಕಾಡಿನಲ್ಲಿ ಬೆಳೆಯುವುದು ಉತ್ತರ ಗೋಳಾರ್ಧದಲ್ಲಿ ಮಾತ್ರ. ಜೈಗ್ಯಾಂಟಿಯಾದ ನೆಲೆ ಈಶಾನ್ಯ ಭಾರತದಿಂದ ಮ್ಯಾನ್ಮಾರ್ ಬೆಟ್ಟಗಳ ಮೂಲಕ ಚೀನಾದ ಯುನ್ನಾನ್‌ವರೆಗೆ ಚಾಚಿದೆ. 1882ರಲ್ಲಿ ಸಸ್ಯವಿಜ್ಞಾನಿ ಜಾರ್ಜ್ ವಾಟ್ ಇದನ್ನು ಮಣಿಪುರದಲ್ಲಿ ಕಂಡರು. 1888ರಲ್ಲಿ ಸೇನಾಧಿಕಾರಿ ಹೆನ್ರಿ ಕಾಲೆಟ್ ಬರ್ಮಾದ (ಇಂದಿನ ಮ್ಯಾನ್ಮಾರ್) ಶಾನ್ ಬೆಟ್ಟಗಳಲ್ಲಿ ಸಂಗ್ರಹಿಸಿದರು.

ವಿಜ್ಞಾನಿಗಳು ಹೆಸರಿಡುವ ಹೊತ್ತಿಗಾಗಲೇ ಇದರ ಸಂತತಿ ಯುರೋಪಿನ ತೋಟಗಳನ್ನು ಸೇರಿತ್ತು. ಚೀನಾದ ತೋಟಗಾರರ ಕೈಯಲ್ಲಿ ಜೈಗ್ಯಾಂಟಿಯಾ ಮತ್ತು ರೋಸಾ ಚೈನೆನ್ಸಿಸ್ ಎಂಬ ಇನ್ನೊಂದು ಪ್ರಭೇದ ಬೆರೆತು ಟೀ ಗುಲಾಬಿಗಳಾಗಿದ್ದವು. ಅಂಥದೊಂದು 1809ರಲ್ಲಿ, ಹಳದಿಯ ಇನ್ನೊಂದು 1824ರಲ್ಲಿ ಇಂಗ್ಲೆಂಡ್ ತಲುಪಿದವು. ಯುರೋಪಿನ ತಳಿಗಳೊಡನೆ ಕೂಡಿಸಿದಾಗ ಹುಟ್ಟಿದ್ದು ಹೈಬ್ರಿಡ್ ಟೀ. 1867ರ 'ಲಾ ಫ್ರಾನ್ಸ್' ಅದರ ಮೊದಲ ತಳಿಯೆಂದು ಹೆಸರಾಗಿದೆ. ಗುಲಾಬಿಯ ಚರಿತ್ರೆಯಲ್ಲಿ ಯುರೋಪಿನ ನರ್ಸರಿಗಳಿಗೆ ಸಲ್ಲುವ ಹೊಗಳಿಕೆಯಲ್ಲಿ ಆ ಅನಾಮಿಕ ಚೀನೀ ತೋಟಗಾರರಿಗೂ ದೊಡ್ಡ ಪಾಲು ಸಲ್ಲಬೇಕು.

ಬೆಂಗಳೂರಿನ ಹೂವಿನಂಗಡಿಯಲ್ಲಿ 'ಡಚ್ ರೋಸ್' ಎಂದು ಮಾರುವ ಹೈಬ್ರಿಡ್ ಟೀ ಹೂವಿನ ನೀಳ, ಚೂಪು ಮೊಗ್ಗು ಈ ಕಾಡುಬಳ್ಳಿಯ ಬಳುವಳಿ. ಟೀ ಗುಲಾಬಿಯ ಕಂಪಿಗೆ ಕಾರಣವಾದ ಡೈಮೀಥಾಕ್ಸಿಟಾಲ್ಯೂಯಿನ್ ಎಂಬ ರಾಸಾಯನಿಕ ಜೈಗ್ಯಾಂಟಿಯಾದ ದಳಗಳಲ್ಲೂ ಧಾರಾಳವಾಗಿದೆ. ವರ್ಷವಿಡೀ ಹೂ ಬಿಡುವ ಗುಣ ಮಾತ್ರ ಚೈನೆನ್ಸಿಸ್ ಕಡೆಯದು. ಜೈಗ್ಯಾಂಟಿಯಾ ಅರಳುವುದು ವರ್ಷಕ್ಕೊಮ್ಮೆ, ವಸಂತದಲ್ಲಿ.

ಈ ಬಳ್ಳಿಯ ಕೆಲಸ ಇನ್ನೂ ಮುಗಿದಿಲ್ಲ. ಚಳಿದೇಶಗಳಿಗೆಂದು ರೂಪಿಸಿದ ತಳಿಗಳು ನಮ್ಮ ಸೆಕೆಗೆ ಸೊರಗುತ್ತವೆ. ಹಾಗಾಗಿ ಕೊಡೈಕೆನಾಲ್‌ನ ತಳಿಗಾರ ವೀರು ವೀರರಾಘವನ್ ಜೈಗ್ಯಾಂಟಿಯಾದ ಜೊತೆಗೆ ಬಂಗಾಳದ ಜೌಗುನೆಲದಲ್ಲಿ ಬೆಳೆಯುವ ರೋಸಾ ಕ್ಲೈನೊಫಿಲ್ಲಾವನ್ನೂ ಬಳಸಿ ಬಿಸಿ ನಾಡಿನ ಗುಲಾಬಿಗಳನ್ನು ರೂಪಿಸಿದರು. ಅವುಗಳಲ್ಲೊಂದಕ್ಕೆ ಹೆನ್ರಿ ಕಾಲೆಟ್ ಹೆಸರಿದೆ.