ಬಡಿಸುವವನಿಗೂ ಒಂದು ಎಲೆ: ಆಗುಂಬೆಯ ದೊಡ್ಡಮನೆ

ಅನ್ನವನ್ನು ಮಾರುವುದು ಒಂದು ವೃತ್ತಿ; ಅನ್ನವನ್ನು ಇಕ್ಕುವುದು ಒಂದು ಧರ್ಮ. ಇವೆರಡರ ನಡುವಣ ಅಂತರವನ್ನು ಹೋಟೆಲಿನಲ್ಲಿ ದುಡಿದವನಷ್ಟು ಚೆನ್ನಾಗಿ ಬಲ್ಲವರು ಬೇರಾರೂ ಇರಲಾರರು. ಬೆಳಗಿನ ಜಾವ ನಾಲ್ಕು ಗಂಟೆಗೆ ಎದ್ದು ಇಡ್ಲಿಯ ಹಬೆಯೊಡನೆ ದಿನವನ್ನಾರಂಭಿಸಿ, ರಾತ್ರಿ ಮೇಜುಗಳನ್ನೊರೆಸಿ ಮಲಗುವ ನಮ್ಮ ಸೋದರರು ದಿನಕ್ಕೆ ನೂರಾರು ಮಂದಿಗೆ ಬಡಿಸುತ್ತಾರೆ. ತಾವು ಉಣ್ಣುವುದು ಮಾತ್ರ ಎಲ್ಲರದೂ ಮುಗಿದ ಮೇಲೆ, ಅಡುಗೆಮನೆಯ ಮೂಲೆಯಲ್ಲಿ, ಅವಸರವಸರವಾಗಿ. ಬುತ್ತಿಯ ಡಬ್ಬಿಯನ್ನೋ ಮೆಸ್ಸಿನ ಊಟವನ್ನೋ ನಂಬಿರುವ ಗುಮಾಸ್ತರ ಪಾಡೂ ಇದಕ್ಕಿಂತ ಬಹಳ ಭಿನ್ನವಲ್ಲ.

ವರ್ಷಕ್ಕೊಮ್ಮೆ ದೊರೆಯುವ ನಾಲ್ಕು ದಿನಗಳ ರಜೆಯಲ್ಲಿ ಇಂಥವರು ಹೋಗಿ ತಂಗಬೇಕಾದ ಸ್ಥಳ ಯಾವುದು? ಊಟಿ, ಕೊಡೈಕಾನಲ್‌ಗಳ ವಸತಿಗೃಹಗಳಲ್ಲಿ ಹಣ ತೆತ್ತು, ತಮ್ಮಂತೆಯೇ ದುಡಿಯುವ ಇನ್ನೊಬ್ಬ ಸಪ್ಲೈಯರನಿಂದ ಬಡಿಸಿಕೊಂಡು ಬರುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಮನೆಯವರೇ ಎಲೆ ಹಾಕಿ, ಪಕ್ಕದಲ್ಲಿ ನಿಂತು ಉಪಚರಿಸಿ ಬಡಿಸುವ ತಾಣವೊಂದು ಪಶ್ಚಿಮಘಟ್ಟದ ನೆತ್ತಿಯ ಮೇಲುಂಟು. ಅದೇ ಆಗುಂಬೆಯ 'ದೊಡ್ಡಮನೆ'.

ಘಟ್ಟದ ಮೇಲಣ ಊರು

ಆಗುಂಬೆಯು ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲೂಕಿಗೆ ಸೇರಿದ ಸಣ್ಣ ಊರು. ಸಮುದ್ರಮಟ್ಟದಿಂದ 2,000 ಅಡಿಗಿಂತಲೂ ಎತ್ತರದಲ್ಲಿದೆ. ಅರಬ್ಬೀ ಸಮುದ್ರದಿಂದ ಬರುವ ಮುಂಗಾರಿನ ಮೋಡಗಳು ಈ ಗೋಡೆಗೆ ಬಡಿದು ಇಲ್ಲಿಯೇ ಸುರಿಯುವುದರಿಂದ, ವರ್ಷದ ಸರಾಸರಿ ಮಳೆ 7,000 ಮಿಲಿಮೀಟರನ್ನು ಮೀರುತ್ತದೆ. ನಮ್ಮ ಚೆನ್ನೈಗೆ ವರ್ಷವಿಡೀ ಬೀಳುವ ಮಳೆ ಸುಮಾರು 1,400 ಮಿಲಿಮೀಟರ್. ಆಗುಂಬೆಯಲ್ಲಿ ಜುಲೈ ತಿಂಗಳೊಂದರಲ್ಲೇ ಅದಕ್ಕಿಂತ ಹೆಚ್ಚು ಬೀಳುವುದು ವಾಡಿಕೆ. 'ದಕ್ಷಿಣದ ಚಿರಾಪುಂಜಿ' ಎಂಬ ಹೆಸರು ಸುಮ್ಮನೆ ಬಂದುದಲ್ಲ. ಇಲ್ಲಿನ ಕಾಡು ಕಾಳಿಂಗ ಸರ್ಪದ ನೆಲೆ. ಗಿಂಡಿಯ ಹಾವಿನ ಉದ್ಯಾನವನ್ನು ಕಟ್ಟಿದ ರೋಮುಲಸ್ ವಿಟೇಕರ್ ಅವರೇ 2005ರಲ್ಲಿ ಇಲ್ಲಿ ಮಳೆಕಾಡಿನ ಸಂಶೋಧನಾ ಕೇಂದ್ರವನ್ನು ಸ್ಥಾಪಿಸಿದರೆಂಬುದು ಚೆನ್ನೈ ನಿವಾಸಿಗಳು ನೆನೆಯತಕ್ಕ ಸಂಗತಿ.

ಘಟ್ಟವಿಳಿದರೆ ಸೋಮೇಶ್ವರ, ಹೆಬ್ರಿ, ಮುಂದೆ ಉಡುಪಿ. ಮದರಾಸಿನ ಹೋಟೆಲುಗಳಿಗೆ ತಲೆಮಾರುಗಳಿಂದ ಹುಡುಗರನ್ನು ಕಳುಹಿಸಿದ ಸೀಮೆ ಇದು. ಅಡುಗೆಮನೆಯ ಚಾಕರಿಯಿಂದ ಮೇಲೆ ಬಂದು ರಾಯಪೇಟೆಯ ವುಡ್‌ಲ್ಯಾಂಡ್ಸನ್ನು ಕಟ್ಟಿದ ಕಡಂದಲೆಯ ಕೆ. ಕೃಷ್ಣರಾಯರೂ ಈ ಕರಾವಳಿಯವರೇ. ನಮ್ಮಲ್ಲನೇಕರು ಈ ಬೆಟ್ಟಸಾಲನ್ನು ಬಾಲ್ಯದಲ್ಲಿ ಕೆಳಗಿನಿಂದ ನೋಡಿದವರು. ಮೇಲೆ ಹತ್ತಿ ಒಂದು ರಾತ್ರಿ ತಂಗಿದವರು ಕಡಮೆ.

ಮನೆ ಮತ್ತು ಅದರ ಪದ್ಧತಿ

ದೊಡ್ಡಮನೆಯು ನೂರು ವರ್ಷಗಳಿಗೂ ಹಳೆಯದು. ಹೆಂಚಿನ ಮಾಡು, ನಡುವೆ ತೆರೆದ ಅಂಗಳ, ಸುತ್ತಲೂ ಮರದ ಕಂಬಗಳ ಜಗಲಿ. ಮಲೆನಾಡಿನ ಹಿರಿಯ ಕುಟುಂಬಗಳ ಮನೆ ಹೇಗಿರಬೇಕೋ ಹಾಗಿದೆ. ಹೊರಜಗತ್ತಿಗೆ ಇದು ಪರಿಚಿತವಾದುದು 'ಮಾಲ್ಗುಡಿ ಡೇಸ್' ಧಾರಾವಾಹಿಯಿಂದ. 1906ರಲ್ಲಿ ಮದರಾಸಿನಲ್ಲಿ ಜನಿಸಿದ ಆರ್. ಕೆ. ನಾರಾಯಣರು ಕಲ್ಪಿಸಿದ ಊರಿಗೆ, 1980ರ ದಶಕದಲ್ಲಿ ಶಂಕರನಾಗ್ ಅವರು ಆಗುಂಬೆಯಲ್ಲಿ ರೂಪ ಕೊಟ್ಟರು. ಬಾಲಕ ಸ್ವಾಮಿಯ ಮನೆಯಾಗಿ ದೂರದರ್ಶನದಲ್ಲಿ ಕಾಣಿಸಿಕೊಂಡದ್ದು ಇದೇ ಮನೆ.

ಆದರೆ ನಮ್ಮ ವಾಚಕರಿಗೆ ಇದಕ್ಕಿಂತಲೂ ಮುಖ್ಯವಾದುದು ಈ ಮನೆಯಲ್ಲಿ ಬಹುಕಾಲ ನಡೆದುಬಂದ ಪದ್ಧತಿ. ಬಂದ ಅತಿಥಿಗೆ ಮೊದಲು ಕಷಾಯ. ತರುವಾಯ ಊಟ, ಹಾಸಿಗೆ. ಹೊರಡುವಾಗ ಇಂತಿಷ್ಟೆಂಬ ಬಿಲ್ಲು ಇಲ್ಲ. ಕೊಡುವುದು ಅತಿಥಿಯ ಮನಸ್ಸಿಗೆ ಬಿಟ್ಟದ್ದು. ಗಲ್ಲಾಪೆಟ್ಟಿಗೆಯ ಮುಂದೆ ಆಯುಸ್ಸು ಕಳೆದ ನಮ್ಮಂಥವರಿಗೆ ಇದು ಮೊದಲು ನಂಬಲಾಗದ ಮಾತು.

ನಾವು ಅಲ್ಲಿ ಎರಡು ರಾತ್ರಿ ತಂಗಿದ್ದೆವು. ನಮ್ಮ ಹೋಟೆಲಿನಲ್ಲಿ ಇಪ್ಪತ್ತು ವರ್ಷ ಸಪ್ಲೈಯರಾಗಿದ್ದ ಹಿರಿಯರೊಬ್ಬರೂ ಸಂಗಡವಿದ್ದರು. ಊಟವಾದೊಡನೆ ಅವರು ಅಭ್ಯಾಸಬಲದಿಂದ ಪಕ್ಕದವರ ಎಲೆಗಳನ್ನೂ ಸೇರಿಸಿ ಎತ್ತಲು ಬಾಗಿದರು. ಮನೆಯವರು ತಡೆದು ಕುಳ್ಳಿರಿಸಿ, ಮಜ್ಜಿಗೆ ತಂದುಕೊಟ್ಟರು. ಆ ಹಿರಿಯರು ಲೋಟವನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಸುಮ್ಮನಿದ್ದರು. ಹೊರಡುವ ದಿನ ಎಷ್ಟು ಕೊಡುವುದೆಂಬ ಪ್ರಶ್ನೆ ಬಂದಾಗ ಲೆಕ್ಕ ಹಾಕಿದವರೂ ಅವರೇ. ಅಕ್ಕಿ, ಬೇಳೆ, ಎಣ್ಣೆ, ಹಾಲು, ಸೌದೆ, ಬಡಿಸಿದವರ ಕೂಲಿ, ಹಾಸಿಗೆ ಒಗೆದವರ ಕೂಲಿ—ಒಂದನ್ನೂ ಬಿಡದೆ ಬೆರಳೆಣಿಸಿ ಕೂಡಿದರು. ಅದರ ಮೇಲೆ, ಮೇಜಿನ ಮೇಲೆ ಗಿರಾಕಿ ಬಿಟ್ಟುಹೋಗುವಂತೆ, ತಮ್ಮ ಪಾಲಿನದೊಂದು ನೋಟನ್ನೂ ಸೇರಿಸಿದರು.

ಎಣಿಸಬೇಕಾದ ಲೆಕ್ಕ

ಆ ಲೆಕ್ಕದಲ್ಲಿ ನಾವೆಲ್ಲರೂ ಕಲಿಯತಕ್ಕ ಪಾಠವಿದೆ. ದರ ಹೇಳದ ಮನೆಯೆಂದರೆ ಖರ್ಚಿಲ್ಲದ ಮನೆಯೆಂದು ಅರ್ಥವಲ್ಲ. ನಗರದ ಹೋಟೆಲಿಗೆ ಬಾಡಿಗೆ, ಗ್ಯಾಸು, ಸಂಬಳ, ತೆರಿಗೆಗಳು ಕಣ್ಣಿಗೆ ಕಾಣುವ ಖರ್ಚುಗಳು. ಕುಟುಂಬವೇ ನಡೆಸುವ ತಂಗುದಾಣದಲ್ಲಿ ಬಾಡಿಗೆಯಿಲ್ಲ, ಸಂಬಳದ ಪಟ್ಟಿಯಿಲ್ಲ. ಆದರೆ ನಸುಕಿನಲ್ಲೆದ್ದು ಒಲೆ ಹೊತ್ತಿಸುವ ಹೆಂಗಸರ ಶ್ರಮವುಂಟು. ಅದು ಯಾವ ಖಾತೆಯಲ್ಲಿಯೂ ಬರೆಯಲ್ಪಡುವುದಿಲ್ಲ. ಪುಕ್ಕಟೆ ಊಟವೆಂದು ತಿಳಿದು ಉಂಡುಹೋಗುವವನು ದೋಚುವುದು ಆ ಶ್ರಮವನ್ನೇ. ಊಟದ ಬೆಲೆಯನ್ನರಿಯದ ಶ್ರೀಮಂತನು ಕಡಮೆ ಕೊಟ್ಟರೆ ಅಜ್ಞಾನವೆನ್ನಬಹುದು; ನಾವು ಹೋಟೆಲಿನವರು ಹಾಗೆ ಮಾಡಿದರೆ ಅದಕ್ಕೆ ಯಾವ ಹೆಸರಿಡೋಣ?

ಇಂದು ಮಲೆನಾಡಿನಲ್ಲಿಯೂ ಕೊಡಗಿನಲ್ಲಿಯೂ 'ಹೋಂಸ್ಟೇ' ಎಂಬ ಫಲಕಗಳು ಹೆಚ್ಚಿವೆ. ಮನೆಯವರಾರೂ ವಾಸಿಸದೆ ಮ್ಯಾನೇಜರನೊಬ್ಬನು ನಡೆಸುವ ಕಟ್ಟಡಕ್ಕೂ ಅದೇ ಹೆಸರು. ದರ ಕೇಳುವುದು ಅಪರಾಧವಲ್ಲ. ನ್ಯಾಯವಾದ ದರ ಕೇಳಿ ಪ್ರೀತಿಯಿಂದ ನೋಡಿಕೊಳ್ಳುವ ಕುಟುಂಬಗಳೂ ಬೇಕಾದಷ್ಟಿವೆ. ಮನೆಯವರು ಇರುವರೋ ಇಲ್ಲವೋ ಎಂಬುದೇ ಪರೀಕ್ಷೆ.

ಇಲ್ಲಿ ಇನ್ನೊಂದು ವಿಚಾರವುಂಟು. ನಮ್ಮ ಊರುಗಳಲ್ಲಿ ಮಕ್ಕಳೆಲ್ಲ ಪರಸ್ಥಳ ಸೇರಿ, ಬೀಗ ಬಿದ್ದ ಹಿರಿಯರ ಮನೆಗಳೆಷ್ಟಿಲ್ಲ! ಅಡುಗೆ, ಶುಚಿ, ಲೆಕ್ಕಪತ್ರ, ನಾನಾ ಭಾಷೆಯ ಗಿರಾಕಿಗಳೊಡನೆ ಮಾತು—ಇವೆಲ್ಲ ಚೆನ್ನೈಯಲ್ಲಿ ದುಡಿದವನ ಕೈಗೆ ಬಂದ ವಿದ್ಯೆಗಳು. ಊರಿಗೆ ಮರಳುವ ಯೋಚನೆಯುಳ್ಳವರು ಮನೆಯ ಎರಡು ಕೋಣೆಗಳನ್ನು ಸರಿಪಡಿಸಿ, ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಾಯಿಸಿ, ಅತಿಥಿಗಳಿಗೆ ಬಾಗಿಲು ತೆರೆದರೆ ಆ ವಿದ್ಯೆ ವ್ಯರ್ಥವಾಗದು. ಮನೆಯ ದೀಪವೂ ಆರದು.

ಹೋಗಬಯಸುವವರಿಗೆ

ಮಂಗಳೂರಿಗೆ ರೈಲಿನಲ್ಲಿ ಹೋಗಿ, ಉಡುಪಿ, ಹೆಬ್ರಿ ಮಾರ್ಗವಾಗಿ ಬಸ್ಸು ಹಿಡಿಯಬಹುದು. ಉಡುಪಿಯಿಂದ ಆಗುಂಬೆ ಸುಮಾರು 55 ಕಿಲೋಮೀಟರ್. ಘಟ್ಟದಲ್ಲಿ 14 ಕಡಿದಾದ ತಿರುವುಗಳಿರುವುದರಿಂದ ಇಲ್ಲಿ ಓಡುವುವು ಸಣ್ಣ ಬಸ್ಸುಗಳು. ಬೆಂಗಳೂರಿನ ಕಡೆಯಿಂದ ಬರುವವರಿಗೆ ಶಿವಮೊಗ್ಗ, ತೀರ್ಥಹಳ್ಳಿಗಳ ದಾರಿ ಇದೆ. ಮಳೆಗಾಲದಲ್ಲಿ ಮಣ್ಣು ಕುಸಿದು ಘಟ್ಟದ ರಸ್ತೆ ಮುಚ್ಚುವುದುಂಟು. ಕಾಡುದಾರಿಯಲ್ಲಿ ಜಿಗಣೆಗಳ ಕಾಟ. ಸೂರ್ಯಾಸ್ತವನ್ನು ನೋಡಬೇಕೆಂಬವರಿಗೆ ನವೆಂಬರಿನಿಂದ ಜನವರಿಯವರೆಗಿನ ಕಾಲ ಉತ್ತಮ. ಆಕಾಶ ತಿಳಿಯಾಗಿದ್ದರೆ ದೂರದ ಕಡಲೂ ಕಾಣುವುದು.

ಮುಂಚಿತವಾಗಿ ವಿಚಾರಿಸದೆ ಹೋಗಬಾರದು. ಅದು ಲಾಡ್ಜಲ್ಲ, ಸಂಸಾರವಂದಿಗರ ಮನೆ. ಇಸ್ಪೀಟು, ಕುಡಿತ, ಗದ್ದಲಗಳನ್ನು ಘಟ್ಟದ ಕೆಳಗೆಯೇ ಬಿಟ್ಟು ಹತ್ತಬೇಕು. ಉಂಡ ತಟ್ಟೆಯಲ್ಲಿ ಅನ್ನ ಬಿಡಬಾರದು. ಹೊರಡುವ ಮುನ್ನ ನಮ್ಮ ಹಿರಿಯ ಸಪ್ಲೈಯರು ಹಾಕಿದ ಲೆಕ್ಕವನ್ನು ಒಮ್ಮೆ ಮನಸ್ಸಿನಲ್ಲಿ ಹಾಕಿಕೊಳ್ಳಬೇಕು. ಹೋಗಿ ಬಂದವರು ತಮ್ಮ ಅನುಭವವನ್ನು ಬರೆದು ಕಳುಹಿಸಿದರೆ, ಉಳಿದ ಸೋದರರಿಗೆ ಉಪಯೋಗವಾಗುವಂತೆ ಈ ಅಂಕಣದಲ್ಲಿಯೇ ಪ್ರಕಟಿಸಲಾಗುವುದು.