ರೋಗಿಯ ನೋವು ಮತ್ತು ಗಾಂಜಾದ ಔಷಧಿ



ಫೆಬ್ರವರಿ 11 ಲೂರ್ದು ಮಾತೆಯ ಹಬ್ಬ. ಎರಡನೇ ಜಾನ್ ಪಾಲ್ ಜಗದ್ಗುರುಗಳ ಇಚ್ಛೆಯಂತೆ 1993ರಿಂದ ಅದೇ ದಿನವನ್ನು ವಿಶ್ವ ರೋಗಿಗಳ ದಿನವಾಗಿಯೂ ಆಚರಿಸುತ್ತೇವೆ. ಈ ಸಂದರ್ಭದಲ್ಲಿ ಒಂದು ಕಠಿಣ ಪ್ರಶ್ನೆಯನ್ನು ವಿಚಾರ ಮಾಡೋಣ. ಕ್ಯಾನ್ಸರಿನಂತಹ ರೋಗದಿಂದ ನರಳುವವರಿಗೆ ಗಾಂಜಾವನ್ನು ಔಷಧಿಯಾಗಿ ಕೊಡಬಹುದೇ? ಅಮಲು ಪದಾರ್ಥವನ್ನು ಔಷಧಿ ಎನ್ನುವುದು ಸರಿಯೇ?

ಈ ಚರ್ಚೆ ಬಲವಾಗಿ ಎದ್ದದ್ದು ಅಮೆರಿಕದಲ್ಲಿ. 1996ರಲ್ಲಿ ಕ್ಯಾಲಿಫೋರ್ನಿಯ ರಾಜ್ಯದ ಮತದಾರರು, ವೈದ್ಯರ ಸಲಹೆಯ ಮೇರೆಗೆ ರೋಗಿಗಳು ಗಾಂಜಾ ಬಳಸಲು ಒಪ್ಪಿಗೆ ಕೊಟ್ಟರು. ಆದರೆ ರಾಜ್ಯ ಅನುಮತಿಸಿದರೂ ಕೇಂದ್ರದ ನಿಷೇಧ ರೋಗಿಗಳಿಗೂ ಅನ್ವಯಿಸುತ್ತದೆ ಎಂದು 2005ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. 2018ರಲ್ಲಿ ಬ್ರಿಟನ್, ತಜ್ಞ ವೈದ್ಯರು ಇದನ್ನು ಬರೆದುಕೊಡಲು ಅವಕಾಶ ನೀಡಿತು. 2020ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಆಯೋಗವು ಗಾಂಜಾವನ್ನು ಅತಿ ಕಠಿಣ ನಿರ್ಬಂಧದ ಪಟ್ಟಿಯಿಂದ 27–25 ಮತಗಳಿಂದ ತೆಗೆಯಿತು. ಭಾರತವೂ ಅದರ ಪರವಾಗಿ ಮತ ಹಾಕಿತು. ಆದರೂ ಅದರ ಮೇಲಿನ ಅಂತರರಾಷ್ಟ್ರೀಯ ನಿಯಂತ್ರಣ ಮುಂದುವರಿದಿದೆ.

ವಿಜ್ಞಾನ ಏನು ಹೇಳುತ್ತದೆ? ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗಳ 2017ರ ವರದಿಯ ಪ್ರಕಾರ, ವಯಸ್ಕರ ದೀರ್ಘಕಾಲದ ನೋವು ಹಾಗೂ ಕ್ಯಾನ್ಸರ್ ಚಿಕಿತ್ಸೆಯಿಂದ ಬರುವ ವಾಂತಿಗೆ ಇದರ ಅಂಶಗಳಿಂದ ಉಪಶಮನ ದೊರೆಯುತ್ತದೆ. 2018ರಲ್ಲಿ ಮಕ್ಕಳ ಎರಡು ವಿರಳ, ತೀವ್ರ ಮೂರ್ಛೆ ರೋಗಗಳಿಗೆ ಗಾಂಜಾ ಗಿಡದಿಂದ ತೆಗೆದ ಕ್ಯಾನಬಿಡಿಯಾಲ್ ಔಷಧಿಗೆ ಅಮೆರಿಕ ಅನುಮತಿ ನೀಡಿತು. ಈ ಔಷಧಿ ಅಮಲೇರಿಸುವುದಿಲ್ಲ. ಆದರೆ ಗಾಂಜಾದಿಂದ ಕ್ಯಾನ್ಸರ್ ವಾಸಿಯಾಗುತ್ತದೆ ಎಂಬುದಕ್ಕೆ ಆಧಾರವಿಲ್ಲ. ಚಟ, ಮಾನಸಿಕ ಅಸ್ವಸ್ಥತೆ, ಯುವಜನರಿಗೆ ಆಗುವ ಹಾನಿ ಇವು ವಿರೋಧಿಸುವವರ ಕಲ್ಪನೆಯಲ್ಲ, ನಿಜವಾದ ಅಪಾಯಗಳು.

ಧರ್ಮಸಭೆಯ ಬೋಧನೆ ಇಲ್ಲಿ ಸ್ಪಷ್ಟ. ಮಾದಕ ಪದಾರ್ಥಗಳ ಬಳಕೆ ಗಂಭೀರ ದೋಷವೆಂದು ಧರ್ಮೋಪದೇಶ ಗ್ರಂಥ (2291) ಸಾರುತ್ತದೆ; ಆದರೆ ಕೇವಲ ಚಿಕಿತ್ಸೆಯ ಕಾರಣವನ್ನು ಹೊರತುಪಡಿಸುತ್ತದೆ. ಮೋಜಿಗಾಗಿ ಮಾದಕ ವಸ್ತುಗಳನ್ನು ಕಾನೂನುಬದ್ಧಗೊಳಿಸುವುದನ್ನು ಫ್ರಾನ್ಸಿಸ್ ಜಗದ್ಗುರುಗಳು 2014ರಲ್ಲಿ ವಿರೋಧಿಸಿದರು. ಚಾಕು ಕೊಲೆಗಾರನ ಕೈಯಲ್ಲೂ ಇರುತ್ತದೆ, ಶಸ್ತ್ರಚಿಕಿತ್ಸಕನ ಕೈಯಲ್ಲೂ ಇರುತ್ತದೆ. ಉದ್ದೇಶ ಮತ್ತು ಬಳಸುವ ರೀತಿ ಎರಡನ್ನೂ ನೋಡಬೇಕು.

ಕೆಲವರು ಕೇಳುತ್ತಾರೆ: ಶಿಲುಬೆಯ ಬಳಿ ಪ್ರಭು ಯೇಸು ರಕ್ತಬೋಳ ಬೆರೆಸಿದ ದ್ರಾಕ್ಷಾರಸವನ್ನು ನಿರಾಕರಿಸಲಿಲ್ಲವೇ? ನಾವೂ ನೋವನ್ನು ಸಹಿಸಬೇಡವೇ? ಹನ್ನೆರಡನೇ ಪಿಯುಸ್ ಜಗದ್ಗುರುಗಳು 1957ರಲ್ಲೇ ಇದಕ್ಕೆ ಉತ್ತರ ಕೊಟ್ಟರು. ಬೇರೆ ದಾರಿಯಿಲ್ಲದಿದ್ದರೆ, ಪ್ರಜ್ಞೆ ಮಂದವಾದರೂ ನೋವು ನಿವಾರಕ ಪಡೆಯುವುದು ತಪ್ಪಲ್ಲ. ಕ್ರಿಸ್ತನ ಯಾತನೆಯಲ್ಲಿ ಪಾಲುಗೊಳ್ಳಲು ಯಾರಾದರೂ ಸ್ವ-ಇಚ್ಛೆಯಿಂದ ಔಷಧಿಯನ್ನು ಕಡಿಮೆ ಮಾಡಿಕೊಳ್ಳಬಹುದು, ಆದರೆ ಅದನ್ನು ಎಲ್ಲರ ಮೇಲೆ ಹೇರುವುದು ವಿವೇಕವಲ್ಲ ಎಂದು 1980ರ ವ್ಯಾಟಿಕನ್ ಘೋಷಣೆ ತಿಳಿಸುತ್ತದೆ. ನರಳುತ್ತಿರುವವರ ಪರವಾಗಿ ತ್ಯಾಗ ಮಾಡುವ ಹಕ್ಕು ಮಂಚದ ಪಕ್ಕ ನಿಂತ ನಮಗಿಲ್ಲ.

ಹಾಗೆಂದು ಬೀದಿಯ ಗಾಂಜಾ ಔಷಧಿಯಾಗುವುದಿಲ್ಲ. ಅದರಲ್ಲಿ ಏನಿದೆ, ಎಷ್ಟಿದೆ ಎಂಬುದು ಮಾರುವವನಿಗೂ ತಿಳಿಯದು. ಭಾರತದ 1985ರ ಮಾದಕ ವಸ್ತು ಕಾಯ್ದೆಯಂತೆ ಅದನ್ನು ಇಟ್ಟುಕೊಳ್ಳುವುದೂ ಅಪರಾಧ. ಎಣ್ಣೆ, ಹನಿ ಎಂದು ಜಾಹೀರಾತು ನೋಡಿ, ನಡೆಯುತ್ತಿರುವ ಚಿಕಿತ್ಸೆಯನ್ನು ಬಿಡಬೇಡಿ. ಮೊದಲು ವೈದ್ಯರನ್ನು ಕೇಳಿ.

ನಮ್ಮ ಕೈಗೆಟುಕುವ ಪರಿಹಾರವೊಂದಿದೆ. ಕ್ಯಾನ್ಸರಿನ ತೀವ್ರ ನೋವಿಗೆ ವೈದ್ಯರು ಕೊಡುವ ಮಾರ್ಫಿನ್ ದಶಕಗಳಿಂದ ಪರೀಕ್ಷಿತವಾದ ಔಷಧಿ. ಅದನ್ನು ತಯಾರಿಸುವ ಅಫೀಮನ್ನು ಸರ್ಕಾರದ ಪರವಾನಗಿಯಲ್ಲಿ ಬೆಳೆಯುವ ದೇಶ ನಮ್ಮದು. ಆದರೂ ಕಾನೂನಿನ ತೊಡಕಿನಿಂದ ನಮ್ಮ ರೋಗಿಗಳಿಗೇ ಅದು ಸಿಗುತ್ತಿರಲಿಲ್ಲ. 2014ರ ತಿದ್ದುಪಡಿ ಈ ತೊಡಕನ್ನು ಸಡಿಲಿಸಿತು. ಬೆಂಗಳೂರಿನ ಕರುಣಾಶ್ರಯದಂತಹ ಉಪಶಾಮಕ ಆರೈಕೆ ಕೇಂದ್ರಗಳು ಮುಂದುವರಿದ ಕ್ಯಾನ್ಸರಿನ ರೋಗಿಗಳಿಗೆ ಉಚಿತ ಸೇವೆ ನೀಡುತ್ತಿವೆ. "ಚಟ ಹತ್ತುತ್ತದೆ" ಎಂಬ ಭಯದಿಂದ ಮನೆಯವರೇ ಔಷಧಿಯನ್ನು ತಡೆದರೆ, ಆ ರಾತ್ರಿಯ ನೋವನ್ನು ಅನುಭವಿಸುವವರು ರೋಗಿಗಳು.

ದಯಾಳು ಸಮಾರಿಯದವನು ಗಾಯಾಳುವನ್ನು ಕಂಡು ಉಪದೇಶ ಮಾಡಲಿಲ್ಲ. ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹಚ್ಚಿ, ಛತ್ರಕ್ಕೆ ಕರೆದೊಯ್ದು, ಖರ್ಚನ್ನೂ ವಹಿಸಿಕೊಂಡನು. ಈ ಹಬ್ಬದ ದಿನ ನಿಮ್ಮ ನೆರೆಯಲ್ಲಿ ನರಳುತ್ತಿರುವ ಒಬ್ಬರ ಮನೆಗೆ ಹೋಗಿ. ನೋವು ಎಷ್ಟಿದೆ ಎಂದು ಅವರನ್ನೇ ಕೇಳಿ. ಅದನ್ನು ವೈದ್ಯರಿಗೆ ತಿಳಿಸಲು ಅವರ ಮನೆಯವರಿಗೆ ನೆರವಾಗಿ.