ಪೌಚಿನೊಳಗೊಂದು ಪ್ರಯೋಗಾಲಯ

ವಾಂತಿ-ಭೇದಿಯಿಂದ ಬಸವಳಿದ ಮಗುವನ್ನು ತುರ್ತು ಚಿಕಿತ್ಸಾ ವಿಭಾಗಕ್ಕೆ ಹೊತ್ತು ತಂದರೆ ವೈದ್ಯರ ಕಣ್ಣು ಮೊದಲು ಹೋಗುವುದು ಮೈಯಲ್ಲಿ ನೀರೆಷ್ಟು ಉಳಿದಿದೆ ಎಂಬ ಕಡೆಗೆ. ನಾಲಿಗೆ ಒಣಗಿದೆಯೇ, ಅತ್ತಾಗ ಕಣ್ಣೀರು ಬರುತ್ತಿದೆಯೇ, ಕೊನೆಯ ಸಲ ಮೂತ್ರ ಮಾಡಿದ್ದು ಯಾವಾಗ? ಹೆಚ್ಚಿನ ಮಕ್ಕಳು ಓಆರ್‌ಎಸ್‌ ಕುಡಿದೇ ಚೇತರಿಸಿಕೊಳ್ಳುತ್ತಾರೆ. ರೋಗಾಣು ಯಾವುದೆಂದು ಯಾರೂ ಕೇಳುವುದಿಲ್ಲ. ಮಲದಲ್ಲಿ ರಕ್ತ, ಜೊತೆಗೆ ಜ್ವರ ಕಂಡಾಗ ಮಾತ್ರ ಕೇಳಲೇಬೇಕು. ಶಿಗೆಲ್ಲ ಬ್ಯಾಕ್ಟೀರಿಯಾ ಇದ್ದರೆ ಆಂಟಿಬಯೋಟಿಕ್ ನೆರವಿಗೆ ಬರುತ್ತದೆ. ಶಿಗಾ ವಿಷ ಉಗುಳುವ ಇ. ಕೋಲೈ ಇದ್ದರೆ ಅದೇ ಔಷಧ ಮೂತ್ರಪಿಂಡಕ್ಕೆ ಕುತ್ತಾದೀತೆಂಬ ಅಂಜಿಕೆ. ಮಲದ ರೋಗಾಣುವನ್ನು ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆ ಇದನ್ನು ಬಿಡಿಸಿ ಹೇಳಲು ಎರಡು-ಮೂರು ದಿನ ತೆಗೆದುಕೊಳ್ಳುತ್ತದೆ.

ಆ ಅವಧಿಯನ್ನು ಸುಮಾರು ಒಂದು ಗಂಟೆಗೆ ಇಳಿಸಿದ ಸಾಧನಗಳಲ್ಲೊಂದು ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ಬಯೋಫೈರ್ ಕಂಪನಿಯ ಫಿಲ್ಮ್‌ಅರೇ. ಇದರ ಜಠರ-ಕರುಳಿನ ಪ್ಯಾನೆಲ್‌ಗೆ ಅಲ್ಲಿನ ಔಷಧ ನಿಯಂತ್ರಕ ಎಫ್‌ಡಿಎಯ ಅನುಮತಿ ಸಿಕ್ಕಿದ್ದು 2014ರಲ್ಲಿ. 13 ಬ್ಯಾಕ್ಟೀರಿಯಾ, 5 ವೈರಸ್, 4 ಪರಾವಲಂಬಿ, ಒಟ್ಟು 22 ಗುರಿಗಳನ್ನು ಒಂದೇ ಓಟದಲ್ಲಿ ಹುಡುಕುತ್ತದೆ.

ನನಗೆ ಬೆರಗು ಹುಟ್ಟಿಸುವುದು ಅದರ ಪ್ಲಾಸ್ಟಿಕ್ ಪೌಚು. ರಾಸಾಯನಿಕಗಳೆಲ್ಲ ಅದರೊಳಗೆ ಒಣಪುಡಿಯಾಗಿ ಕೂತಿವೆ. ಒಳಗಿನ ನಿರ್ವಾತವೇ ಮಲದ ಮಾದರಿ ಬೆರೆತ ದ್ರವವನ್ನು ಬೇಕಾದಷ್ಟು ಎಳೆದುಕೊಳ್ಳುತ್ತದೆ. ತಂತ್ರಜ್ಞರ ಕೈಕೆಲಸ ಒಂದೆರಡು ನಿಮಿಷದ್ದು. ಮುಂದೆ ಯಂತ್ರ ಪೌಚನ್ನು ಅಲ್ಲಲ್ಲಿ ಒತ್ತುತ್ತ ದ್ರವವನ್ನು ಕೋಣೆಯಿಂದ ಕೋಣೆಗೆ ದಾಟಿಸುತ್ತದೆ. ಮೊದಲ ಕೋಣೆಯಲ್ಲಿ ಗಟ್ಟಿ ಮಣಿಗಳು ಅಲುಗಾಡಿ ರೋಗಾಣುಗಳ ಗೋಡೆ ಒಡೆಯುತ್ತವೆ. ಬಿಡುಗಡೆಯಾದ ಡಿಎನ್‌ಎ, ಆರ್‌ಎನ್‌ಎಗಳನ್ನು ಕಾಂತೀಯ ಮಣಿಗಳು ಹಿಡಿದುಕೊಂಡರೆ ಉಳಿದ ಕೊಳೆ ತೊಳೆದುಹೋಗುತ್ತದೆ. ಐದು ವೈರಸ್‌ಗಳಲ್ಲಿ ರೋಟಾ, ನೋರೋ ಸೇರಿ ನಾಲ್ಕಕ್ಕೆ ಇರುವುದು ಆರ್‌ಎನ್‌ಎ. ಅದನ್ನು ಮೊದಲು ಡಿಎನ್‌ಎಗೆ ತಿರುಗಿಸಬೇಕು.

ಡಿಎನ್‌ಎಯ ಆಯ್ದ ತುಣುಕುಗಳನ್ನು ನಕಲು ಮಾಡಿ ಹೆಚ್ಚಿಸುವ ಪಿಸಿಆರ್ ನಡೆಯುವುದು ಎರಡು ಸುತ್ತು, ದಪ್ಪ ಜರಡಿಯಲ್ಲಿ ಹಿಡಿದದ್ದನ್ನು ಸಣ್ಣ ಜರಡಿಗೆ ಹಾಕಿದ ಹಾಗೆ. ಮೊದಲ ಸುತ್ತಿನಲ್ಲಿ ಎಲ್ಲ ಗುರಿಗಳ ಪ್ರತಿಗಳೂ ಒಟ್ಟಿಗೇ ಹೆಚ್ಚುತ್ತವೆ. ಆಮೇಲೆ ಅದನ್ನು ತೆಳುಮಾಡಿ 102 ಪುಟ್ಟ ಕುಳಿಗಳಿಗೆ ಹಂಚಲಾಗುತ್ತದೆ. ಒಂದೊಂದು ಕುಳಿ ಒಂದೊಂದು ಗುರಿಯ ಒಳಭಾಗವನ್ನಷ್ಟೇ ಹುಡುಕುತ್ತದೆ. ಕೊನೆಗೆ ಶಾಖ ಏರಿಸಿದಾಗ ಡಿಎನ್‌ಎಯ ಜೋಡಿ ಎಳೆಗಳು ಬೇರ್ಪಟ್ಟು, ಅವಕ್ಕೆ ಅಂಟಿದ್ದ ಬಣ್ಣದ ಹೊಳಪು ಆರುತ್ತದೆ. ಯಾವ ಕುಳಿಯಲ್ಲಿ, ಯಾವ ತಾಪಮಾನದಲ್ಲಿ ಆರಿತೆಂಬುದೇ ರೋಗಾಣುವಿನ ಗುರುತು.

ಇನ್ನೊಂದು ಜಾಣ್ಮೆ: ಪೌಚಿನಲ್ಲಿ ಮೊದಲೇ ಒಂದು ನಿರಪಾಯ ಯೀಸ್ಟ್ ಇಟ್ಟಿರುತ್ತಾರೆ. ಅದು ಪತ್ತೆಯಾಗದಿದ್ದರೆ ಇಡೀ ಓಟವೇ ಅಸಿಂಧು. ‘ಏನೂ ಸಿಗಲಿಲ್ಲ’ ಎನ್ನುವ ಮೊದಲು ಹುಡುಕಾಟ ನಿಜಕ್ಕೂ ನಡೆಯಿತೇ ಎಂದು ಯಂತ್ರ ತನ್ನನ್ನೇ ಕೇಳಿಕೊಳ್ಳುತ್ತದೆ.

ಅಂದಹಾಗೆ, ಗಂಟೆಯ ಲೆಕ್ಕ ಶುರುವಾಗುವುದು ಮಾದರಿ ಸಿಕ್ಕ ಮೇಲೆ. ಮಗು ಕಕ್ಕಸು ಮಾಡುವವರೆಗೆ ಈ ಯಂತ್ರವೂ ಕಾಯಬೇಕು. ಪೌಚಿನ ಬೆಲೆಯೂ ಕಡಿಮೆಯಲ್ಲ. ಬಂದ ಮಕ್ಕಳಿಗೆಲ್ಲ ಮಾಡಿಸುವುದು ದುಂದು ಎಂದೇ ನನ್ನ ಎಣಿಕೆ.

ವರದಿಯನ್ನು ಓದುವುದಂತೂ ಬೇರೆಯೇ ವಿದ್ಯೆ. ಪಿಸಿಆರ್ ಜೀವಂತ ರೋಗಾಣುವಿಗೂ ಸತ್ತದ್ದಕ್ಕೂ ಭೇದ ಎಣಿಸುವುದಿಲ್ಲ. ನೋರೋವೈರಸ್ ಕಾಯಿಲೆ ವಾಸಿಯಾಗಿ ವಾರಗಳಾದರೂ ಮಲದಲ್ಲಿ ಉಳಿದಿರಬಹುದು. ಹಸುಗೂಸುಗಳ ಕರುಳಿನಲ್ಲಿ ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ ಎಂಬ ಬ್ಯಾಕ್ಟೀರಿಯಾ ಏನೂ ತೊಂದರೆ ಕೊಡದೆ ವಾಸವಾಗಿರುವುದು ಸಾಮಾನ್ಯ. ಅದನ್ನು ಕಂಡು ಯಾರಾದರೂ ಔಷಧ ಬರೆದಾರೆಂದು ಕೆಲವು ಲ್ಯಾಬುಗಳು ವರ್ಷ ತುಂಬದ ಮಕ್ಕಳ ವರದಿಯಲ್ಲಿ ಆ ಸಾಲನ್ನು ತೋರಿಸುವುದೇ ಇಲ್ಲ.